ಯೂರಿಕ್ ಆಮ್ಲ: ತಪ್ಪು ಬೇಳೆಯದೋ, ತಟ್ಟೆಯದೋ?

ಮನೆಯ ಯಜಮಾನರಿಗೆ ನಲವತ್ತೈದು ದಾಟಿದೆ. ಕಚೇರಿಯವರು ಏರ್ಪಡಿಸಿದ್ದ ಆರೋಗ್ಯ ತಪಾಸಣೆಯ ವರದಿ ಕೈಗೆ ಬಂದಿದೆ. ಸಕ್ಕರೆ, ಕೊಬ್ಬು, ಹಿಮೋಗ್ಲೋಬಿನ್ ಎಲ್ಲ ಸಾಲುಗಳನ್ನೂ ದಾಟಿದ ಕಣ್ಣು ಒಂದು ಕಡೆ ನಿಲ್ಲುತ್ತದೆ: ‘ಯೂರಿಕ್ ಆಸಿಡ್ 7.6’. ಅದರ ಪಕ್ಕದಲ್ಲೊಂದು ನಕ್ಷತ್ರ. ಅಂದು ರಾತ್ರಿಯೇ ಅಡುಗೆಮನೆಯಲ್ಲಿ ತುರ್ತುಸಭೆ.

ನಾಳೆಯಿಂದ ತೊಗರಿಬೇಳೆ ಬಂದ್. ಪಾಲಕ್ ಸೊಪ್ಪು ಬಂದ್. ಟೊಮೆಟೊ, ಬದನೆ, ಹೂಕೋಸಿನ ಮೇಲೂ ಸಂಶಯ. ಪಕ್ಕದ ಮನೆಯವರು ಬಂದು ಬಟಾಣಿಯನ್ನೂ ಪಟ್ಟಿಗೆ ಸೇರಿಸಿ ಹೋಗುತ್ತಾರೆ. ವಾರ ಕಳೆಯುವುದರೊಳಗೆ ಸಾರು ತೆಳ್ಳಗಾಗಿದೆ, ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದಾಗಿದೆ. ಸಂಜೆಯ ಬೋಂಡಾ, ಬೇಕರಿಯ ಪಫ್ಸು, ಎರಡೆರಡು ಚಮಚ ಸಕ್ಕರೆ ಬೆರೆತ ನಾಲ್ಕು ಲೋಟ ಕಾಫಿ, ಫ್ರಿಜ್ಜಿನಲ್ಲಿಟ್ಟ ತಂಪು ಪಾನೀಯದ ದೊಡ್ಡ ಬಾಟಲಿ ಮಾತ್ರ ಎಂದಿನಂತೆಯೇ ಇವೆ. ಅವುಗಳ ಮೇಲೆ ಯಾರಿಗೂ ಅನುಮಾನ ಬಂದಿಲ್ಲ.

ಮೂರು ತಿಂಗಳ ನಂತರ ಮತ್ತೆ ರಕ್ತಪರೀಕ್ಷೆ. ಅಂಕಿ ಕದಲಿಲ್ಲ. ‘ಬೇಳೆ ಬಿಟ್ಟರೂ ಇಳಿಯಲಿಲ್ಲವಲ್ಲ!’ ಎಂದು ಯಜಮಾನರು ಪೇಚಾಡುತ್ತಾರೆ.

ಸ್ವಲ್ಪ ಹೆಚ್ಚು ಕಡಿಮೆ ಇದೇ ಪ್ರಸಂಗ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಯೂರಿಕ್ ಆಮ್ಲ ಹೆಚ್ಚಿದರೆ ಯಾವುದೋ ಒಂದು ತರಕಾರಿಯನ್ನೋ ಕಾಳನ್ನೋ ಹಿಡಿದು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ರೂಢಿ. ಆದರೆ ಕಳೆದ ಎರಡು ದಶಕಗಳ ಸಂಶೋಧನೆ ಬೇರೆ ಕಡೆ ಬೆರಳು ತೋರಿಸುತ್ತಿದೆ. ಒಂದು ಪದಾರ್ಥವಲ್ಲ, ಇಡೀ ತಟ್ಟೆಯನ್ನು ನೋಡಬೇಕು. ಆ ತಟ್ಟೆ ಒಡಲಿನಲ್ಲಿ ಉರಿಯೂತವನ್ನು ಹೆಚ್ಚಿಸುವಂಥದೋ ತಗ್ಗಿಸುವಂಥದೋ ಎಂದು ಕೇಳಬೇಕು ಎನ್ನುತ್ತಿದ್ದಾರೆ ವಿಜ್ಞಾನಿಗಳು.

ಕಳೆದುಹೋದ ಒಂದು ಕಿಣ್ವ

ಮೊದಲು ಈ ಆಮ್ಲ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ನಮ್ಮ ಜೀವಕೋಶಗಳ ಡಿಎನ್‌ಎ ಮತ್ತು ಆರ್‌ಎನ್‌ಎಗಳಲ್ಲಿ ಪ್ಯೂರಿನ್ ಎಂಬ ರಾಸಾಯನಿಕಗಳಿವೆ. ಹಳೆಯ ಕೋಶಗಳು ಸತ್ತು ಹೊಸವು ಹುಟ್ಟುವಾಗ ಈ ಪ್ಯೂರಿನ್ ಒಡೆಯುತ್ತದೆ. ತಿಂದ ಆಹಾರದಲ್ಲಿರುವ ಪ್ಯೂರಿನ್ ಕೂಡ ಹೀಗೆಯೇ ಒಡೆಯುತ್ತದೆ. ಜಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವ ಕೊನೆಯ ಹಂತದಲ್ಲಿ ಅದನ್ನು ಯೂರಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ದಿನವೂ ತಯಾರಾಗುವ ಯೂರಿಕ್ ಆಮ್ಲದಲ್ಲಿ ಸುಮಾರು ಮೂರನೆಯ ಎರಡು ಪಾಲು ದೇಹದ ಒಳಗಿನದೇ. ನೇರವಾಗಿ ಊಟದ ಪ್ಯೂರಿನ್‌ನಿಂದ ಬರುವುದು ಉಳಿದ ಒಂದು ಪಾಲು ಮಾತ್ರ.

ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್‌ಹೆಲ್ಮ್ ಷೀಲೆ 1776ರಲ್ಲಿ ಮೂತ್ರದ ಕಲ್ಲುಗಳಿಂದ ಇದನ್ನು ಮೊದಲು ಬೇರ್ಪಡಿಸಿದ. ಕಾಗೆ, ಪಾರಿವಾಳಗಳ ಹಿಕ್ಕೆಯಲ್ಲಿ ಬೆಳ್ಳಗೆ ಕಾಣುವ ಭಾಗವೂ ಇದೇ ಯೂರಿಕ್ ಆಮ್ಲ. ನೀರನ್ನು ಉಳಿಸಲು ಹಕ್ಕಿಗಳು ಕಂಡುಕೊಂಡ ಉಪಾಯ ಅದು.

ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಇನ್ನೊಂದು ಕಿಣ್ವವಿದೆ. ಅದು ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಬೇರೊಂದು ವಸ್ತುವನ್ನಾಗಿ ಬದಲಿಸಿ ಹೊರಗೆ ಕಳಿಸುತ್ತದೆ. ಆದರೆ ಒಂದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಮನುಷ್ಯ ಮತ್ತು ದೊಡ್ಡ ವಾನರಗಳ ಪೂರ್ವಿಕರಲ್ಲಿ ಈ ಕಿಣ್ವದ ಜೀನ್ ಕೆಟ್ಟುಹೋಯಿತು. ಹಾಗಾಗಿ ನಮ್ಮ ರಕ್ತದಲ್ಲಿ ಈ ಆಮ್ಲ ಇತರ ಪ್ರಾಣಿಗಳಿಗಿಂತ ಸದಾ ಹೆಚ್ಚು. ಇದು ಕೇವಲ ಕಸವೂ ಅಲ್ಲ. ರಕ್ತದಲ್ಲಿ ಮಿತವಾಗಿದ್ದಾಗ ಉತ್ಕರ್ಷಣವನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ. ಮಿತಿ ಮೀರಿದಾಗಲೇ ತೊಂದರೆ.

ಆ ಮಿತಿ ಯಾವುದು? ಬಿಸಿ ಕಾಫಿಗೆ ಸಕ್ಕರೆ ಹಾಕುತ್ತಾ ಹೋದರೆ ಒಂದು ಹಂತದ ನಂತರ ಅದು ಕರಗದೆ ತಳದಲ್ಲಿ ನಿಲ್ಲುತ್ತದಲ್ಲವೆ? ದೇಹದ ಉಷ್ಣತೆಯಲ್ಲಿ 100 ಮಿಲಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಎಂಬುದು ಯೂರಿಕ್ ಆಮ್ಲದ ಲವಣ ಕರಗಿ ನಿಲ್ಲುವ ಗಡಿ. ಪ್ರಯೋಗಾಲಯಗಳು ಸಾಮಾನ್ಯವಾಗಿ ಗಂಡಸರಿಗೆ 7, ಹೆಂಗಸರಿಗೆ 6 ಮಿಲಿಗ್ರಾಂ ದಾಟಿದರೆ ಹೆಚ್ಚೆಂದು ಗುರುತು ಹಾಕುತ್ತವೆ. ತಯಾರಾದದ್ದರಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಮೂತ್ರಪಿಂಡಗಳು, ಉಳಿದದ್ದನ್ನು ಕರುಳು ಹೊರಹಾಕುತ್ತವೆ. ಆದರೆ ಮೂತ್ರಪಿಂಡ ಬಹಳ ಜಿಪುಣ. ಸೋಸಿದ್ದರಲ್ಲಿ ಸುಮಾರು 90 ಭಾಗವನ್ನು ಮತ್ತೆ ರಕ್ತಕ್ಕೇ ಹಿಂತಿರುಗಿಸುತ್ತದೆ. ಅದು ಇನ್ನಷ್ಟು ಜಿಪುಣವಾದರೆ ಸಾಕು, ತಿಂದದ್ದು ಕಡಿಮೆಯಿದ್ದರೂ ರಕ್ತದಲ್ಲಿ ಮಟ್ಟ ಏರುತ್ತದೆ. ಯೂರಿಕ್ ಆಮ್ಲ ಹೆಚ್ಚಿರುವ ಬಹುಪಾಲು ಮಂದಿಯಲ್ಲಿ ಮೂಲ ಇರುವುದು ಈ ವಿಲೇವಾರಿಯ ಕೊರತೆಯಲ್ಲೇ.

ಸಿರಿವಂತರ ಕಾಯಿಲೆ

ಕರಗದೆ ಉಳಿದ ಆಮ್ಲ ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರುತ್ತದೆ. ದೇಹದ ತುದಿಯಲ್ಲಿದ್ದು ತಂಪಾಗಿರುವ ಕಾಲಿನ ಹೆಬ್ಬೆರಳ ಬುಡ ಅದಕ್ಕೆ ಪ್ರಿಯವಾದ ಜಾಗ. ಒಂದು ದಿನ ನಡುರಾತ್ರಿ ಬೆರಳು ಕೆಂಪಗೆ ಊದಿ ಉರಿಯತೊಡಗುತ್ತದೆ. ಇದೇ ಗೌಟ್. 17ನೆಯ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಸ್ವತಃ ಇದರ ರೋಗಿ. ಹೊದಿಕೆಯ ಭಾರವನ್ನೂ ತಾಳಲಾಗದ ಆ ನೋವನ್ನು ಆತ 1683ರ ತನ್ನ ಪ್ರಬಂಧದಲ್ಲಿ ವಿವರವಾಗಿ ಬಣ್ಣಿಸಿದ್ದಾನೆ.

ಯೂರೋಪಿನಲ್ಲಿ ಇದನ್ನು ರಾಜರ ಕಾಯಿಲೆ ಎಂದು ಕರೆಯುತ್ತಿದ್ದರು. ನಮ್ಮ ಆಯುರ್ವೇದವೂ ಹೆಚ್ಚು ಕಡಿಮೆ ಅದನ್ನೇ ಹೇಳಿತ್ತು. ಗೌಟನ್ನು ಹೋಲುವ ‘ವಾತರಕ್ತ’ವನ್ನು ಚರಕಸಂಹಿತೆ ವಿವರಿಸುತ್ತದೆ. ಅದಕ್ಕೆ ‘ಆಢ್ಯವಾತ’ ಎಂಬ ಇನ್ನೊಂದು ಹೆಸರೂ ಉಂಟು. ಆಢ್ಯ ಎಂದರೆ ಸಿರಿವಂತ. ಸುಕುಮಾರ ದೇಹದವರು, ಮಿಷ್ಟಾನ್ನ ಉಣ್ಣುವವರು, ನಡೆದಾಡುವ ಅಭ್ಯಾಸವಿಲ್ಲದವರು ಹೆಚ್ಚಾಗಿ ಇದಕ್ಕೆ ಗುರಿಯಾಗುತ್ತಾರೆಂದು ಚರಕ ಹೇಳುತ್ತಾನೆ. ಇಲ್ಲಿ ದೂರು ಯಾವುದೋ ಒಂದು ಕಾಳಿನ ಮೇಲಲ್ಲ, ಬದುಕುವ ರೀತಿಯ ಮೇಲೆ ಎಂಬುದು ಗಮನಾರ್ಹ.

ರಕ್ತದಲ್ಲಿರುವ ಆಮ್ಲಕ್ಕೂ ಕಾಯಿಲೆಗೂ ಇರುವ ನಂಟನ್ನು ಲಂಡನ್ನಿನ ವೈದ್ಯ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ 1848ರಲ್ಲಿ ತೋರಿಸಿದ. ಆತನ ನೂಲಿನ ಪರೀಕ್ಷೆ ಶಾಲೆಯ ಪ್ರಯೋಗದಷ್ಟು ಸರಳವಾಗಿತ್ತು. ರೋಗಿಯ ರಕ್ತದ ತಿಳಿಗೆ ಸ್ವಲ್ಪ ಅಸೆಟಿಕ್ ಆಮ್ಲ ಬೆರೆಸಿ, ಅದರಲ್ಲಿ ನಾರಗಸೆಯ ಎಳೆಯೊಂದನ್ನು ಇಳಿಬಿಟ್ಟು ಕಾಯುವುದು. ಯೂರಿಕ್ ಆಮ್ಲ ಹೆಚ್ಚಿದ್ದರೆ ಒಂದೆರಡು ದಿನಗಳಲ್ಲಿ ಎಳೆಯ ಮೇಲೆ ಹರಳುಗಳು ಕಟ್ಟುತ್ತಿದ್ದವು.

ಹರಳಿದ್ದರೆ ಅಷ್ಟು ಉರಿ ಏಕೆ? ಇದಕ್ಕೆ ಉತ್ತರ ಸಿಗಲು ಒಂದೂವರೆ ಶತಮಾನ ಬೇಕಾಯಿತು. ಬಿಳಿ ರಕ್ತಕಣಗಳು ಹರಳನ್ನು ನುಂಗಿದಾಗ ಅವುಗಳೊಳಗಿನ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ಕೂಟ ಎಚ್ಚರಗೊಳ್ಳುತ್ತದೆ, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಾಹಕವನ್ನು ಹೊರಬಿಡುತ್ತದೆ ಎಂಬುದು 2006ರಲ್ಲಿ ಗೊತ್ತಾಯಿತು. ಬೆಂಕಿ ಬಿದ್ದಿದೆ ಎಂದು ಊರಿಗೆಲ್ಲ ಗಂಟೆ ಬಾರಿಸಿದಂತೆ ಇದು. ಕಾವಲುಗಾರರೆಲ್ಲ ಹೆಬ್ಬೆರಳಿಗೆ ಓಡಿಬರುತ್ತಾರೆ. ಕನ್ನಡದ ‘ಉರಿಯೂತ’ ಎಂಬ ಪದ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ: ಉರಿಯೂ ಉಂಟು, ಊತವೂ ಉಂಟು.

ಪಾಲಕ್ ನಿರಪರಾಧಿ

ಪ್ಯೂರಿನ್‌ನಿಂದ ಯೂರಿಕ್ ಆಮ್ಲ ಬರುತ್ತದೆ. ಬೇಳೆ, ಬಟಾಣಿ, ಪಾಲಕ್, ಅಣಬೆ, ಹೂಕೋಸುಗಳಲ್ಲಿ ಪ್ಯೂರಿನ್ ಇದೆ. ಆದ್ದರಿಂದ ಅವನ್ನು ಬಿಡಬೇಕು. ಕೇಳಲು ತರ್ಕಬದ್ಧವಾಗಿದೆ. ಆದರೆ ತರ್ಕ ಸರಿಯಿದ್ದ ಮಾತ್ರಕ್ಕೆ ದೇಹ ಹಾಗೆಯೇ ನಡೆಯಬೇಕೆಂದಿಲ್ಲ.

ಅಮೆರಿಕದ ಸಂಶೋಧಕ ಹ್ಯೋನ್ ಚೋಯ್ ಮತ್ತು ಸಂಗಡಿಗರು 47,150 ಗಂಡಸರ ಆಹಾರವನ್ನು 12 ವರ್ಷಗಳ ಕಾಲ ಗಮನಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ 730 ಮಂದಿಗೆ ಹೊಸದಾಗಿ ಗೌಟ್ ಬಂದಿತ್ತು. ಅತಿ ಹೆಚ್ಚು ಮಾಂಸ ತಿನ್ನುವವರಲ್ಲಿ ಅಪಾಯ ಅತಿ ಕಡಿಮೆ ತಿನ್ನುವವರಿಗಿಂತ ಶೇ. 41ರಷ್ಟು, ಮೀನು-ಸೀಗಡಿಯಂಥ ಕಡಲ ಆಹಾರದಲ್ಲಿ ಶೇ. 51ರಷ್ಟು ಹೆಚ್ಚಿತ್ತು. ಇದು ನಿರೀಕ್ಷಿತವೇ. ಆದರೆ ಪ್ಯೂರಿನ್ ಹೆಚ್ಚಿರುವ ತರಕಾರಿಗಳನ್ನು ತಿಂದವರಲ್ಲಿ ಅಪಾಯ ಹೆಚ್ಚಲೇ ಇಲ್ಲ! ಹಾಲಿನ ಪದಾರ್ಥಗಳನ್ನು, ಅದರಲ್ಲೂ ಕೆನೆ ತೆಗೆದವನ್ನು ಹೆಚ್ಚು ಸೇವಿಸುವವರಲ್ಲಿ ಅಪಾಯ ಕಡಿಮೆಯೇ ಇತ್ತು.

ನಾಲ್ಕು ವರ್ಷಗಳ ನಂತರ, 2008ರಲ್ಲಿ, ಅದೇ ತಂಡ ಇನ್ನೊಂದು ಲೆಕ್ಕ ಮುಂದಿಟ್ಟಿತು. ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಸಿಹಿ ತಂಪು ಪಾನೀಯ ಕುಡಿಯುವ ಗಂಡಸರಲ್ಲಿ ಗೌಟ್ ಅಪಾಯ, ತಿಂಗಳಿಗೊಮ್ಮೆಯೂ ಕುಡಿಯದವರಿಗಿಂತ ಶೇ. 85ರಷ್ಟು ಅಧಿಕ. ಹಣ್ಣಿನ ರಸವನ್ನು ದಿನವೂ ಗ್ಲಾಸುಗಟ್ಟಲೆ ಕುಡಿಯುವವರದೂ ಇದೇ ಕಥೆ. ಆದರೆ ಸಕ್ಕರೆಯಿಲ್ಲದ ‘ಡಯಟ್’ ಪಾನೀಯಗಳಲ್ಲಿ ಈ ನಂಟು ಕಾಣಲಿಲ್ಲ. ಅಂದರೆ ತಪ್ಪಿತಸ್ಥ ಗುಳ್ಳೆಯಲ್ಲ, ಬಣ್ಣವಲ್ಲ, ಸಿಹಿ.

ತಂಪು ಪಾನೀಯದಲ್ಲಿ ಪ್ಯೂರಿನ್ ಇಲ್ಲವಲ್ಲ, ಮತ್ತೆ ಹೇಗೆ? ಇಲ್ಲಿದೆ ವಿದ್ಯಾರ್ಥಿಗಳು ಮೆಚ್ಚುವ ಜೀವರಸಾಯನದ ಸ್ವಾರಸ್ಯ. ನಾವು ಬಳಸುವ ಸಕ್ಕರೆಯ ಅರ್ಧ ಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಫ್ರಕ್ಟೋಸ್ ಯಕೃತ್ತನ್ನು ತಲುಪಿದೊಡನೆ ಅದನ್ನು ಅರಗಿಸಲು ಜೀವಕೋಶ ತನ್ನ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಖರ್ಚು ಮಾಡುತ್ತದೆ. ಒಮ್ಮೆಲೇ ಹೆಚ್ಚು ಫ್ರಕ್ಟೋಸ್ ಬಂದರೆ ಖರ್ಚಿಗೆ ಕಡಿವಾಣವಿಲ್ಲ. ಹೀಗೆ ಸವೆದ ಎಟಿಪಿಯ ಚೂರುಗಳೂ ಪ್ಯೂರಿನ್‌ಗಳೇ. ಅವು ಒಡೆದು ಯೂರಿಕ್ ಆಮ್ಲವಾಗುತ್ತವೆ. 300 ಮಿಲಿಲೀಟರಿನ ಒಂದು ಬಾಟಲಿ ಸಿಹಿ ಪಾನೀಯದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುವುದುಂಟು. ಅದನ್ನು ಐದು ನಿಮಿಷದಲ್ಲಿ ಗಟಗಟನೆ ಕುಡಿದು ಮುಗಿಸುವುದಕ್ಕೂ, ಒಂದು ಸೀಬೆ ಹಣ್ಣನ್ನು ನಾರಿನ ಸಮೇತ ಅಗಿದು ತಿನ್ನುವುದಕ್ಕೂ ಬಹಳ ಅಂತರವಿದೆ.

ಮದ್ಯದ ವಿಷಯವನ್ನೂ ಇಲ್ಲೇ ಹೇಳಬೇಕು. ಬಿಯರಿನಲ್ಲಿ ಪ್ಯೂರಿನ್ ಕೂಡ ಇದೆ. ಜೊತೆಗೆ ಮದ್ಯ ಯೂರಿಕ್ ಆಮ್ಲದ ವಿಲೇವಾರಿಗೂ ಅಡ್ಡಿಪಡಿಸುತ್ತದೆ. ಗೌಟಿನ ನಂಟಿನಲ್ಲಿ ಬಿಯರಿನದೇ ಮೊದಲ ಸ್ಥಾನ.

ತಟ್ಟೆಗೆ ಅಂಕ ಕೊಡುವವರು

ಹೀಗೆ ಒಂದೊಂದೇ ಪದಾರ್ಥದ ವಿಚಾರಣೆ ನಡೆಯುತ್ತಿದ್ದಾಗ ಇನ್ನೊಂದು ಪ್ರಶ್ನೆ ಎದ್ದಿತು. ಮನುಷ್ಯ ಉಣ್ಣುವುದು ಪದಾರ್ಥವನ್ನಲ್ಲ, ಊಟವನ್ನು. ಹಾಗಾದರೆ ಊಟಕ್ಕೇ ಏಕೆ ಅಂಕ ಕೊಡಬಾರದು?

ಗಾಯವಾದಾಗ, ಸೋಂಕು ತಗುಲಿದಾಗ ಬರುವ ಉರಿಯೂತ ನಮ್ಮ ರಕ್ಷಕ. ಕೆಲಸ ಮುಗಿದೊಡನೆ ಅದು ಆರಬೇಕು. ಆದರೆ ಕೆಲವರಲ್ಲಿ ಅದು ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಒಳಗೇ ಇರುತ್ತದೆ. ನೋವಿಲ್ಲ, ಜ್ವರವಿಲ್ಲ. ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್‌ನಂಥ ಗುರುತುಗಳು ಮಾತ್ರ ಸ್ವಲ್ಪ ಏರಿರುತ್ತವೆ. ಹೊಟ್ಟೆಯ ಸುತ್ತ ತುಂಬಿದ ಕೊಬ್ಬು, ದೇಹಶ್ರಮದ ಕೊರತೆ, ಧೂಮಪಾನ, ಆಹಾರ ಎಲ್ಲವೂ ಈ ಕೆಂಡಕ್ಕೆ ಗಾಳಿ ಹಾಕಬಲ್ಲವು.

ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ನಿತಿನ್ ಶಿವಪ್ಪ, ಜೇಮ್ಸ್ ಹೆಬರ್ಟ್ ಮತ್ತು ಸಹೋದ್ಯೋಗಿಗಳು 1,943 ಸಂಶೋಧನಾ ಲೇಖನಗಳನ್ನು ಜಾಲಾಡಿ, 2014ರಲ್ಲಿ ‘ಆಹಾರ ಉರಿಯೂತ ಸೂಚ್ಯಂಕ’ದ ಪರಿಷ್ಕೃತ ರೂಪವನ್ನು ಪ್ರಕಟಿಸಿದರು. ಆಹಾರದ 45 ಅಂಶಗಳು ಉರಿಯೂತದ ಆರು ಗುರುತುಗಳನ್ನು ಏರಿಸುತ್ತವೆಯೋ ಇಳಿಸುತ್ತವೆಯೋ ಎಂಬುದರ ಆಧಾರದ ಮೇಲೆ ಅಂಕ ನೀಡಲಾಯಿತು. ಒಟ್ಟು ಮೊತ್ತ ಧನವಾದರೆ ಆ ಊಟ ಉರಿಯೂತವನ್ನು ಹೆಚ್ಚಿಸುವಂಥದು, ಋಣವಾದರೆ ತಗ್ಗಿಸುವಂಥದು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಷ್ಟೂ ಜಾಣ ಎನಿಸಿಕೊಳ್ಳುವ ಅಪರೂಪದ ಸಂದರ್ಭ ಇದು!

ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಕೊಲೆಸ್ಟರಾಲ್, ಅಗತ್ಯಕ್ಕಿಂತ ಹೆಚ್ಚಿನ ಕ್ಯಾಲೊರಿ ಅಂಕವನ್ನು ಏರಿಸುತ್ತವೆ. ನಾರು, ಮೆಗ್ನೀಸಿಯಂ, ಸಿ ಮತ್ತು ಇ ಜೀವಸತ್ವ, ಒಮೆಗಾ-3 ಕೊಬ್ಬು, ತರಕಾರಿ ಹಣ್ಣುಗಳ ಫ್ಲೇವನಾಯ್ಡುಗಳು ಇಳಿಸುತ್ತವೆ. ನಮ್ಮವರಿಗೆ ಸಂತೋಷ ಕೊಡುವ ಸಂಗತಿಯೆಂದರೆ ಅರಿಶಿನ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ಮೆಣಸು, ಚಹಾ ಕೂಡ ಆ ಪಟ್ಟಿಯಲ್ಲಿ ಉರಿಯೂತ ತಗ್ಗಿಸುವ ಕಡೆಯೇ ಇವೆ.

ಅಮೆರಿಕ ಸರ್ಕಾರ ನಡೆಸುವ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯಲ್ಲಿ ಸಾವಿರಾರು ಜನರ ‘ನಿನ್ನೆ ಏನು ತಿಂದಿರಿ’ ಎಂಬ ವಿವರವೂ ರಕ್ತಪರೀಕ್ಷೆಯ ಫಲಿತಾಂಶವೂ ಒಟ್ಟಿಗೆ ದೊರೆಯುತ್ತವೆ. ಅದರ 2015-16ರ ಸುತ್ತಿನಲ್ಲಿ ಐವರು ವಯಸ್ಕರಲ್ಲಿ ಒಬ್ಬರಿಗೆ ಯೂರಿಕ್ ಆಮ್ಲ ಹೆಚ್ಚಿರುವುದು ಕಂಡಿತು. ಈ ಸಮೀಕ್ಷೆಗಳ ಮಾಹಿತಿಗೆ ಉರಿಯೂತ ಸೂಚ್ಯಂಕವನ್ನು ಅನ್ವಯಿಸಿ ನೋಡಿದ ಅಧ್ಯಯನಗಳು ಒಂದೇ ದಿಕ್ಕಿಗೆ ಕೈತೋರಿಸುತ್ತವೆ: ಊಟದ ಅಂಕ ಉರಿಯೂತದ ಕಡೆ ಏರಿದಂತೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವವರ ಪ್ರಮಾಣವೂ ಏರುತ್ತದೆ. ವಯಸ್ಸು, ಲಿಂಗ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯುತ್ತದೆ.

ಇದರಲ್ಲೊಂದು ಸೋಜಿಗವಿದೆ. ಆ 45 ಅಂಶಗಳ ಪಟ್ಟಿಯಲ್ಲಿ ಪ್ಯೂರಿನ್ ಎಂಬ ಹೆಸರೇ ಇಲ್ಲ! ಪ್ಯೂರಿನನ್ನು ಎಣಿಸದ ಅಳತೆಗೋಲಿಗೂ ಯೂರಿಕ್ ಆಮ್ಲಕ್ಕೂ ಹೊಂದಾಣಿಕೆ ಕಾಣುತ್ತದೆ ಎಂದರೆ, ಪ್ಯೂರಿನ್ ಪಟ್ಟಿ ಹಿಡಿದು ಅಂಗಡಿಗೆ ಹೋಗುವುದಷ್ಟೇ ಸಾಲದು ಎಂದಾಯಿತು.

ದಾರಿಗಳು ಹಲವಿರಬಹುದು. ಎಣ್ಣೆ, ಸಿಹಿ, ಮೈದಾಗಳೇ ತುಂಬಿದ ಊಟದಿಂದ ತೂಕ ಏರುತ್ತದೆ. ಹೊಟ್ಟೆಯ ಕೊಬ್ಬಿನ ಕೋಶಗಳು ಉರಿಯೂತದ ಸಂದೇಶವಾಹಕಗಳನ್ನು ಸ್ರವಿಸುತ್ತವೆ. ಇನ್ಸುಲಿನ್ ತನ್ನ ಕೆಲಸ ಮಾಡಲು ತಿಣುಕುತ್ತದೆ, ರಕ್ತದಲ್ಲಿ ಅದರ ಮಟ್ಟ ಹೆಚ್ಚುತ್ತದೆ. ಹೆಚ್ಚಿದ ಇನ್ಸುಲಿನ್ ಮೂತ್ರಪಿಂಡವನ್ನು ಇನ್ನಷ್ಟು ಜಿಪುಣವಾಗಿಸುತ್ತದೆ. ಅತ್ತ ಯೂರಿಕ್ ಆಮ್ಲವನ್ನು ತಯಾರಿಸುವ ಜಾಂಥಿನ್ ಆಕ್ಸಿಡೇಸ್ ಕಿಣ್ವವೂ ಉರಿಯೂತದ ವಾತಾವರಣದಲ್ಲಿ ಚುರುಕಾಗುತ್ತದೆ. ಉತ್ಪಾದನೆ ಹೆಚ್ಚು, ವಿಲೇವಾರಿ ಕಡಿಮೆ. ಮುಂದೆ ಹರಳು ಕಟ್ಟಿದರೆ ಅದೇ ಹೊಸ ಉರಿಯೂತಕ್ಕೆ ನಾಂದಿ.

ಜೊತೆಗಿದ್ದ ಮಾತ್ರಕ್ಕೆ ಕಾರಣವೆ?

ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಕೊಡೆ ಹಿಡಿದವರು ಹೆಚ್ಚಿದ ದಿನ ರಸ್ತೆಯಲ್ಲಿ ಕೆಸರು ಹೆಚ್ಚಿರುತ್ತದೆ, ಕೊಡೆಯಿಂದ ಕೆಸರಾಯಿತೆ? ಮೇಲಿನ ಸಮೀಕ್ಷೆಗಳು ಒಂದು ದಿನದ ಛಾಯಾಚಿತ್ರವಿದ್ದಂತೆ. ಊಟದಿಂದ ಆಮ್ಲ ಏರಿತೋ, ಎರಡಕ್ಕೂ ಮೂರನೆಯದೇನಾದರೂ ಕಾರಣವಿದೆಯೋ ಎಂಬುದನ್ನು ಚಿತ್ರವೊಂದೇ ಹೇಳದು.

ಆದ್ದರಿಂದ ಪ್ರಯೋಗ ಬೇಕು. ಅಮೆರಿಕದಲ್ಲಿ ರಕ್ತದೊತ್ತಡ ತಗ್ಗಿಸಲೆಂದು ರೂಪಿಸಿದ ‘ಡ್ಯಾಶ್’ ಎಂಬ ಊಟದ ಕ್ರಮವಿದೆ. ತರಕಾರಿ, ಹಣ್ಣು, ಇಡಿಧಾನ್ಯ, ಕಾಳು, ಬೀಜ, ಕೆನೆ ತೆಗೆದ ಹಾಲು ಹೆಚ್ಚು. ಮಾಂಸ, ಸಿಹಿ ಕಡಿಮೆ. ಸಂಶೋಧಕರೇ ಊಟ ಒದಗಿಸಿ ನಡೆಸಿದ ಪ್ರಯೋಗವೊಂದರಲ್ಲಿ ಭಾಗವಹಿಸಿದ್ದ 103 ಮಂದಿಯ ರಕ್ತದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಸಾಮಾನ್ಯ ಅಮೆರಿಕನ್ ಊಟಕ್ಕೆ ಹೋಲಿಸಿದರೆ ಡ್ಯಾಶ್ ಊಟದಿಂದ ಯೂರಿಕ್ ಆಮ್ಲ ಸರಾಸರಿ 0.35 ಮಿಲಿಗ್ರಾಂ ಇಳಿಯಿತು. ಮೊದಲೇ 7 ಅಥವಾ ಹೆಚ್ಚು ಇದ್ದವರಲ್ಲಿ ಇಳಿಕೆ ಸುಮಾರು 1.3 ಮಿಲಿಗ್ರಾಂ. ಆ ಎರಡನೆಯ ಗುಂಪು ಬಹಳ ಚಿಕ್ಕದು ಎಂಬುದನ್ನು ಮರೆಯಬಾರದು. ಆದರೂ ಬೇಳೆಕಾಳು ಸೇರಿದ ಊಟ ಆಮ್ಲವನ್ನು ಏರಿಸಲಿಲ್ಲ, ಇಳಿಸಿತು ಎಂಬುದು ಅರ್ಥಪೂರ್ಣ.

ನಾಣ್ಯದ ಇನ್ನೊಂದು ಮುಖವೂ ಇದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಯೂರೋಪ್ ಮೂಲದ 16,760 ಅಮೆರಿಕನ್ನರನ್ನು ಪರಿಶೀಲಿಸಿತು. ಒಬ್ಬರಿಗೂ ಇನ್ನೊಬ್ಬರಿಗೂ ಯೂರಿಕ್ ಆಮ್ಲದಲ್ಲಿರುವ ವ್ಯತ್ಯಾಸದಲ್ಲಿ ಊಟದ ಕ್ರಮ ವಿವರಿಸಬಲ್ಲದ್ದು ಶೇ. 0.3ರಷ್ಟೂ ಇಲ್ಲ, ಜೀನುಗಳು ವಿವರಿಸುವುದು ಸುಮಾರು ಶೇ. 24 ಎಂದು ಅದು ಹೇಳಿತು. ಹಾಗಾದರೆ ಊಟಕ್ಕೆ ಬೆಲೆಯೇ ಇಲ್ಲವೆ?

ಹಾಗಲ್ಲ. ಒಂದೇ ಶಾಲೆಯ ಒಂದೇ ತರಗತಿಯ ಮಕ್ಕಳ ಅಂಕಗಳಲ್ಲಿ ವ್ಯತ್ಯಾಸವೇಕೆ ಎಂದು ಕೇಳಿದರೆ ‘ಶಾಲೆ’ ಎಂಬ ಉತ್ತರ ಸರಿಹೋಗದು, ಏಕೆಂದರೆ ಶಾಲೆ ಎಲ್ಲರಿಗೂ ಒಂದೇ. ಹಾಗೆಂದು ಶಾಲೆಯಿಂದ ಪ್ರಯೋಜನವಿಲ್ಲವೆಂದು ಯಾರೂ ಹೇಳುವುದಿಲ್ಲ. ಸಮಾಜದ ಬಹುತೇಕರು ಒಂದೇ ಬಗೆಯ ಊಟ ಮಾಡುತ್ತಿದ್ದಾಗ ವ್ಯತ್ಯಾಸ ಕಾಣುವುದು ಜೀನುಗಳಲ್ಲೇ. ಆದರೆ ಈ ಅಧ್ಯಯನ ಮನೆಮಂದಿಗೆ ಒಂದು ಮುಖ್ಯ ಪಾಠ ಕಲಿಸುತ್ತದೆ. ಗೌಟ್ ಬಂದವರನ್ನು ‘ತಿಂದು ತಿಂದೇ ತಂದುಕೊಂಡೆ’ ಎಂದು ಹಂಗಿಸುವುದು ಅನ್ಯಾಯ. ಮಿತವಾಗಿ ಉಣ್ಣುವ ಸಣಕಲು ಮನುಷ್ಯನಿಗೂ ಅದು ಬರಬಹುದು. ತಂದೆಗಿದ್ದರೆ ಮಗನಿಗೂ ಬರುವ ಸಾಧ್ಯತೆ ಹೆಚ್ಚು. ಜೀನನ್ನು ಬದಲಿಸಲಾಗದು; ತಟ್ಟೆಯನ್ನು, ತೂಕವನ್ನು, ನಡಿಗೆಯನ್ನು ಬದಲಿಸಬಹುದು. ವಂಶದಲ್ಲಿ ಗೌಟ್ ಇರುವ ಮನೆಯ ಮಕ್ಕಳಿಗಂತೂ ಈ ಮಾತು ಇಂದಿನಿಂದಲೇ ಅನ್ವಯಿಸುತ್ತದೆ.

ನಮ್ಮ ಅಡುಗೆಮನೆಯಲ್ಲಿ

ಹೆಸರು ವಿದೇಶದ್ದಾದರೂ ಡ್ಯಾಶ್ ತಟ್ಟೆಯಲ್ಲಿರುವ ಹಲವು ಪದಾರ್ಥಗಳು ನಮಗೆ ಹೊಸವೇನಲ್ಲ. ರಾಗಿ ಮುದ್ದೆ, ಸೊಪ್ಪಿನ ಹುಳಿ, ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕೋಸಂಬರಿ, ಬೆಣ್ಣೆ ತೆಗೆದ ಮಜ್ಜಿಗೆ. ನಾರು, ಮೆಗ್ನೀಸಿಯಂ, ಸಸ್ಯಜನ್ಯ ಪ್ರೋಟೀನು ಎಲ್ಲವೂ ಇಲ್ಲಿವೆ. ಸಮಸ್ಯೆ ಬಂದಿರುವುದು ಇವುಗಳ ಪಾಲು ಕುಗ್ಗಿ ಬಿಳಿ ಅನ್ನ, ಮೈದಾ, ಕರಿದ ತಿಂಡಿ, ಸಿಹಿಗಳ ಪಾಲು ಹಿಗ್ಗಿದ್ದರಿಂದ.

ಯೂರಿಕ್ ಆಮ್ಲ ಹೆಚ್ಚಿರುವವರ ಮನೆಯಲ್ಲಿ ಮೊದಲು ಕೈಬಿಡಬೇಕಾದದ್ದು ಸಿಹಿ ಪಾನೀಯ ಮತ್ತು ಮದ್ಯ. ಮಾಂಸಾಹಾರಿಗಳಾದರೆ ಯಕೃತ್ತು, ಮೂತ್ರಪಿಂಡದಂಥ ಅಂಗಾಂಗಗಳ ಮಾಂಸ ಬೇಡ. ಉಳಿದ ಮಾಂಸ, ಸೀಗಡಿ, ಬೂತಾಯಿಯಂಥವು ಮಿತವಾಗಿರಲಿ. ಬೇಳೆಕಾಳು ಎಂದಿನ ಪ್ರಮಾಣದಲ್ಲಿ ಇರಲಿ. ಸಕ್ಕರೆ ಕಡಿಮೆ ಮಾಡಿದ ಕಾಫಿಗೆ ಅಡ್ಡಿಯಿಲ್ಲ. ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆಯೆಂದೇ ಅಧ್ಯಯನಗಳು ತೋರಿಸಿವೆ. ಮೂತ್ರಪಿಂಡದ ತೊಂದರೆ ಇಲ್ಲದವರು ನೀರು ಚೆನ್ನಾಗಿ ಕುಡಿಯಬೇಕು. ಕಲ್ಲು ಕಟ್ಟುವುದನ್ನು ಅದು ತಡೆಯುತ್ತದೆ. ಸೂಚ್ಯಂಕದಲ್ಲಿ ಅರಿಶಿನಕ್ಕೆ ಒಳ್ಳೆಯ ಅಂಕ ಇದೆಯೆಂದು ಬೋಂಡಾದ ಜೊತೆ ಒಂದು ಚಮಚ ಅರಿಶಿನ ನುಂಗಿದರೆ ಲೆಕ್ಕ ಸರಿಹೋಗದು. ಅಂಕ ಇಡೀ ಊಟಕ್ಕೆ, ಚಿಟಿಕೆಗಲ್ಲ.

ತೂಕ ಇಳಿಸುವುದು ಒಳ್ಳೆಯದೇ. ಆದರೆ ನಿಧಾನವಾಗಿ. ಕಠಿಣ ಉಪವಾಸ ಮಾಡಿದರೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್‌ಗಳು ಯೂರಿಕ್ ಆಮ್ಲ ಹೊರಹೋಗುವುದಕ್ಕೆ ಅಡ್ಡ ನಿಲ್ಲುತ್ತವೆ. ಆಗ ಮಟ್ಟ ಇಳಿಯುವ ಬದಲು ಏರಬಹುದು.

ವೈದ್ಯರಿಗೆ ಬಿಡಬೇಕಾದದ್ದು

ವರದಿಯಲ್ಲಿ ನಕ್ಷತ್ರ ಕಂಡವರಿಗೆಲ್ಲ ಗೌಟ್ ಬರುವುದಿಲ್ಲ. ಮೇಲೆ ಹೇಳಿದ 2015-16ರ ಸಮೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ ಆಮ್ಲ ಹೆಚ್ಚಿತ್ತು, ಗೌಟ್ ಇದ್ದವರು ನೂರಕ್ಕೆ ನಾಲ್ವರು ಮಾತ್ರ. ಯಾವ ತೊಂದರೆಯೂ ಇಲ್ಲದೆ ಬರೀ ಅಂಕಿ ಸ್ವಲ್ಪ ಹೆಚ್ಚಿದ್ದರೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ. ಆದರೆ ಅದನ್ನು ಅಲಕ್ಷಿಸಲೂ ಬಾರದು. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳಲು ಅದೊಂದು ಎಚ್ಚರಿಕೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕ ಮಾತ್ರೆಗಳು, ಸಣ್ಣ ಪ್ರಮಾಣದ ಆಸ್ಪಿರಿನ್ ಕೂಡ ಈ ಆಮ್ಲವನ್ನು ಏರಿಸಬಲ್ಲವು. ಅವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ರಕ್ಷಣೆ ತಪ್ಪುವುದರಿಂದ ಆಮ್ಲ ಏರುತ್ತದೆ. ಇದು ಗಂಡಸರ ಕಾಯಿಲೆಯೆಂದು ಅವರು ಸುಮ್ಮನಿರಬಾರದು.

ಪದೇ ಪದೇ ಗೌಟ್ ಬರುವವರಿಗೆ, ಗಂಟು ಕಟ್ಟಿದವರಿಗೆ ಪಥ್ಯವೊಂದೇ ಸಾಲದು, ಔಷಧ ಬೇಕು. ಜಾಂಥಿನ್ ಆಕ್ಸಿಡೇಸ್ ಕಿಣ್ವವನ್ನು ತಡೆಯುವ ಅಲೋಪ್ಯೂರಿನಾಲ್ 1966ರಿಂದ ಗೌಟಿಗೆ ಬಳಕೆಯಲ್ಲಿದೆ. ಅದನ್ನು ರೂಪಿಸಿದ ಗೆರ್ಟ್ರೂಡ್ ಎಲಿಯನ್ ಪಿಎಚ್.ಡಿ. ಓದಲು ಅವಕಾಶ ದೊರೆಯದೆಯೂ ಜಾರ್ಜ್ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ 1988ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಈ ಔಷಧ ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡಬಹುದಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ನುಂಗುವುದು ಸಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ರೋಗವೇ ಇಲ್ಲವೆಂದು ಇಂದಿನ ವಿಜ್ಞಾನ ಭರವಸೆ ಕೊಡಲಾರದು; ಜೀನುಗಳ ಮಾತನ್ನೂ ಅದು ಕೇಳಬೇಕಲ್ಲ. ಆದರೆ ಗಾದೆ ‘ಬೇಳೆ ಬಿಟ್ಟವನಿಗೆ’ ಎನ್ನಲಿಲ್ಲ, ‘ಊಟ ಬಲ್ಲವನಿಗೆ’ ಎಂದಿತು. ವರದಿ ಕೈಗೆ ಬಂದ ರಾತ್ರಿ ಅಡುಗೆಮನೆಯ ಸಭೆಯಲ್ಲಿ ಜೀವಶಾಸ್ತ್ರ ಓದುವ ಮಗಳಿಗೂ ಒಂದು ಸ್ಥಾನವಿರಲಿ. ಬೇಳೆಯ ಡಬ್ಬಿ ಒಲೆಯ ಪಕ್ಕದಲ್ಲೇ ಇರಲಿ. ಫ್ರಿಜ್ಜಿನ ಬಾಗಿಲಲ್ಲಿರುವ ಬಾಟಲಿ ಮೊದಲು ಹೊರಗೆ ಹೋಗಲಿ.